ಆರು ಅಂಕಿಗಳ ಗುಟ್ಟು

ಮರವಂತೆಯ ಸೊಬಗನ್ನು ಕಂಡವರಿಗೆ ಅದರ ಬಣ್ಣನೆ ಬೇಕಿಲ್ಲ. ಕಾಣದವರಿಗೆ ಎಷ್ಟು ಬಣ್ಣಿಸಿದರೂ ಸಾಲದು. ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಮತ್ತೊಂದರಲ್ಲಿ ಸೌಪರ್ಣಿಕೆ. ಪ್ರವಾಸಿಗರು ವಾಹನ ನಿಲ್ಲಿಸಿ ತೆರೆಗಳನ್ನು ನೋಡುತ್ತಿರುವ ಹೊತ್ತಿನಲ್ಲಿ, ಊರಿನ ಮುದುಕಿಯೊಬ್ಬಳು ಕೊಡೆ ಮಡಚಿ ಸೇವಾಕೇಂದ್ರದ ಬೆಂಚಿನ ಮೇಲೆ ಕುಳಿತಿದ್ದಾಳೆ. ಮೂರು ತಿಂಗಳಿನಿಂದ ಅವಳಿಗೆ ವೃದ್ಧಾಪ್ಯ ವೇತನ ಬಂದಿಲ್ಲ. ಔಷಧದ ಅಂಗಡಿಯವನು ಇನ್ನು ಸಾಲ ಕೊಡಲಾರೆನೆಂದಿದ್ದಾನೆ.

ಮೀನಿನ ಬುಟ್ಟಿ ಹೊತ್ತು ಸವೆದ ಬೆರಳುಗಳು ಅವಳವು. ಹೆಬ್ಬೆರಳನ್ನು ಸೆರಗಿನಿಂದ ಒರೆಸಿ ಒತ್ತಿದಳು; ಯಂತ್ರ ಒಪ್ಪಲಿಲ್ಲ. ತೋರುಬೆರಳಿಗೂ ಅದೇ ಉತ್ತರ. ಊರಿಗೆ ಊರೇ ಬಲ್ಲ ಹೆಂಗಸನ್ನು ಅಂಗೈಯಗಲದ ಪೆಟ್ಟಿಗೆಯೊಂದು ಅರಿಯೆನೆಂದಿತು!

ಉಳಿದ ದಾರಿಯೆಂದರೆ ಮೊಬೈಲಿಗೆ ಬರುವ ಆರು ಅಂಕಿಗಳು. ಆ ಮೊಬೈಲು ಬೆಂಗಳೂರಿನಲ್ಲಿದೆ. ಕುಂದಾಪುರದ ಕಡೆಯ ಅನೇಕ ಮನೆಗಳ ಮಕ್ಕಳು ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿರುವುದು ಹೊಸ ಸಂಗತಿಯೇನಲ್ಲ. ಆಧಾರ್ ಮಾಡಿಸುವಾಗ ಬರೆಸಿದ್ದು ಹಿರಿಯ ಮಗನ ಸಂಖ್ಯೆ. ಇಡ್ಲಿಯ ಭರಾಟೆಯ ನಡುವೆ ಅವನಿಗೆ ಕರೆ ಹೋಯಿತು.

“ಹ್ವಾಯ್ ಮಗಾ, ಒಂದ್ ನಂಬ್ರ ಬಂತಾ ಕಾಣ್!”

ಅವನು ಅತ್ತಲಿಂದ ಕೂಗಿ ಹೇಳಿದ. ಇವಳು ಇತ್ತ ಕೂಗಿ ಒಪ್ಪಿಸಿದಳು. ಅತ್ತ ಹೋಟೆಲಿನ ಗಿರಾಕಿಗಳೂ ಇತ್ತ ಸರತಿಯಲ್ಲಿದ್ದವರೂ ಕೇಳಿದರು. “ಯಾರಿಗೂ ತಿಳಿಸಬೇಡಿ” ಎಂಬ ಎಚ್ಚರಿಕೆ ಅದೇ ಸಂದೇಶದಲ್ಲಿತ್ತು. ಆದರೆ ಹೆತ್ತ ತಾಯಿ ‘ಯಾರೋ’ ಆಗುವುದು ಯಾವ ನಿಘಂಟಿನಲ್ಲಿ?

ಹಾಲೆಂಡಿನ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ 1980ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ನಾಡು ನಾಡಿನ ಸಂಸ್ಕೃತಿಗಳನ್ನು ಅಂಕಿಗಳಲ್ಲಿ ಅಳೆದರು. ಮೇಲಿನವರಿಗೂ ಕೆಳಗಿನವರಿಗೂ ನಡುವಣ ಅಂತರವನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆಂಬ ಅಳತೆಯಲ್ಲಿ ಭಾರತಕ್ಕೆ 77, ಡೆನ್ಮಾರ್ಕಿಗೆ 18. ಐ.ಬಿ.ಎಂ. ಕಂಪನಿಯ ನೌಕರರನ್ನು ಕೇಳಿ ಪಡೆದ ಲೆಕ್ಕವಿದು. ಮೀನು ಮಾರುವವರನ್ನು ಕೇಳಿದ್ದರೆ ಅಂಕಿ ಎತ್ತ ಜಾರುತ್ತಿತ್ತೋ! ಆದರೂ ಅದರಲ್ಲಿ ಸ್ವಲ್ಪ ಸತ್ಯವಿದ್ದೀತು. ಡೆನ್ಮಾರ್ಕಿನಲ್ಲಿ 2014ರಿಂದ, ವಿನಾಯಿತಿ ಪಡೆದವರ ಹೊರತು, ಪ್ರಜೆಗಳಿಗೆಲ್ಲ ಸರ್ಕಾರದ ಪತ್ರಗಳು ಬರುವುದು ಅಂತರ್ಜಾಲದ ಅಂಚೆಗೇ. ಅಲ್ಲಿನವನು ಕೋಣೆಯಲ್ಲಿ ಒಬ್ಬನೇ ಕುಳಿತು, ಗುಟ್ಟಿನ ಸಂಖ್ಯೆಯನ್ನು ಗುಟ್ಟಾಗಿಯೇ ಒತ್ತಿ, ಸರ್ಕಾರದೊಡನೆ ವ್ಯವಹರಿಸಬಲ್ಲ.

ಮರವಂತೆಯವರಿಗೆ ಯಂತ್ರದ ಭಯವೆನ್ನುವಂತಿಲ್ಲ. ಮೀನಿನ ಹಣ ಮೊಬೈಲಿನಲ್ಲೇ ಸಂದಾಯವಾಗುತ್ತದೆ. ಮೊಮ್ಮಕ್ಕಳ ಮುಖವನ್ನು ಅಜ್ಜಿಯರು ಅದರಲ್ಲೇ ಕಾಣುತ್ತಾರೆ. ಸರ್ಕಾರವೆಂದಾಗ ಮಾತ್ರ ಅವರಿಗೆ ಎದುರಿಗೊಂದು ಮುಖ ಬೇಕು. ತಲೆತಲಾಂತರದಿಂದ ಸರ್ಕಾರ ಅವರಿಗೆ ಕಂಡದ್ದು ಪಟೇಲರ ಮುಖದಲ್ಲಿ, ಶ್ಯಾನುಭೋಗರ ಲೇಖನಿಯಲ್ಲಿ. ‘ಭೂಮಿ’ ಯೋಜನೆ 2001ರ ವೇಳೆಗೆ ಪಹಣಿಯನ್ನು ಕೈಬರಹದಿಂದ ಗಣಕಯಂತ್ರಕ್ಕೆ ತಂದಿತು. ಅರ್ಜಿಗಳೆಲ್ಲ ಒಂದೆಡೆ ಸಲ್ಲಲೆಂದು ‘ಸೇವಾಸಿಂಧು’ ಬಂದಿತು. ಬರಹ ಬದಲಾಯಿತು, ಬರೆಸುವ ವಾಡಿಕೆ ಬದಲಾಗಲಿಲ್ಲ. ಕೆಲಸ ಕೆಟ್ಟರೆ ಬೈಯಲು, ಕೂಡಿಬಂದರೆ ಎರಡು ಎಳನೀರು ಕೊಡಲು ಒಬ್ಬರು ಬೇಡವೆ? ಪರದೆಗೆ ಎಳನೀರು ಕೊಡುವುದು ಹೇಗೆ?

ಈ ನಂಬಿಕೆ ಸುಂದರವಾದುದು, ಅಷ್ಟೇ ಅಪಾಯದ್ದು. ಮಗನ ದನಿಗೆ ತೆರೆದ ಬಾಯಿ, ಬ್ಯಾಂಕಿನವನೆಂದು ಹೇಳಿಕೊಂಡು ಕರೆಮಾಡುವ ವಂಚಕನಿಗೂ ತೆರೆದೀತು. ಅದನ್ನು ಬಲ್ಲವಳು ಕೇಂದ್ರದ ಹುಡುಗಿ. ಅವಳ ಮೇಜಿನ ಸೆಳೆಖಾನೆಯಲ್ಲಿ ಒಂದು ನೋಟುಪುಸ್ತಕವಿದೆ. ಮರೆಯುತ್ತೇವೆಂದು ಜನರೇ ಬರೆಸಿಟ್ಟ ಗುಟ್ಟಿನ ಪದಗಳು ಅದರ ತುಂಬ. ಬೇಡವೆಂದರೂ ಕೇಳುವುದಿಲ್ಲ. ಸಂಜೆ ಬೀಗ ಹಾಕುವಾಗ ಅವಳು ಅದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಾಳೆ. ಅಲ್ಲಿ ಬಿಟ್ಟುಹೋದರೆ ನಿದ್ದೆ ಬಾರದು.

ಆರು ಅಂಕಿಗಳು ಸರಿಹೊಂದಿದವು. ಹುಡುಗಿ ರಸೀದಿಯನ್ನು ಮುದುಕಿಯ ಕೈಗಿತ್ತು, “ಅಜ್ಜಿ, ಇನ್ನು ನಂಬ್ರ ಕೂಗ್ಬೇಡಿ, ನಂಗೂ ಹೇಳ್ಬೇಡಿ, ನೀವೇ ಒತ್ತಿ” ಎಂದಳು. ಮುದುಕಿ ಕಾಗದವನ್ನು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಬಾಗಿಲವರೆಗೆ ಹೋದವಳು ಏನೋ ನೆನಪಾಗಿ ತಿರುಗಿ ನಿಂತಳು.

“ಬಪ್ಪ ತಿಂಗಳೂ ನೀನ್ ಇಲ್ಲೇ ಇರ್ತ್ಯಲ್ದಾ ಮಗಾ?”