ಬಿಲ್ಲಿಗೆ ತಕ್ಕ ಬಾಣ

ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಮಗೂ ಬೇಟೆಯ ಬಿಲ್ಲಿಗೂ ಏನು ನಂಟೆಂದು ಓದುಗರು ಕೇಳಿಯಾರು. ಶಿಕ್ಷಕ ತರಬೇತಿಯಲ್ಲಿ ನಾವು ಕಲಿತದ್ದು ಪಾಠಟಿಪ್ಪಣಿ, ಮಿಂಚುಪಟ್ಟಿ, ಮಣಿಚೌಕಟ್ಟು; ಬತ್ತಳಿಕೆಯ ಮಾತು ಅಲ್ಲಿ ಬಂದಿರಲಿಲ್ಲ. ಬೇಲೂರಿನ ಮದನಿಕೆಯರ ಸಾಲಿನಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯನ್ನು ಕಂಡು ಬೆರಗಾದುದಷ್ಟೇ ನಮ್ಮ ಧನುರ್ವಿದ್ಯೆ. ಆದರೆ ಕುಂಕಳ್ಳಿಯಂತಹ ಊರಿನಲ್ಲಿ ಕನ್ನಡ ಮಾಸ್ತರನೆಂದರೆ ಅರ್ಜಿ ಬರೆಯುವವನೂ ಅವನೇ, ಬ್ಯಾಂಕಿನ ಚೀಟಿ ತುಂಬುವವನೂ ಅವನೇ. ಹೀಗಿರುವಾಗ ಬಾಣವನ್ನು ತೂಗಿ ನೋಡುವ ಕೆಲಸವೂ ನಮ್ಮ ಪಾಲಿಗೆ ಬಂದುದರಲ್ಲಿ ಆಶ್ಚರ್ಯವೇನು?

ಕಾಂಪೌಂಡ್ ಬಿಲ್ಲು ರಾಮಾಯಣದ ಚಿತ್ರಪಟಗಳಲ್ಲಿ ಕಾಣುವ ಬಿಲ್ಲಲ್ಲ. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಎಂಬಾತನು 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ 1969ರಲ್ಲಿ ಪಡೆದ ಯಂತ್ರವಿದು. ತುದಿಗಳಲ್ಲಿ ಗಾಲಿಗಳುಂಟು. ಹೆದೆ ಸೆಳೆಯುವಾಗ ಭಾರವು ಏರಿ, ಪೂರ್ತಿ ಸೆಳೆದೊಡನೆ ಥಟ್ಟನೆ ಇಳಿಯುತ್ತದೆ. 45 ಪೌಂಡಿನ ಬಿಲ್ಲನ್ನು ಸೆಳೆದು ಹಿಡಿದು ನಿಲ್ಲಲು ಹತ್ತು ಪೌಂಡಿನಷ್ಟು ಬಲ ಸಾಕಾದೀತು. ಈ ಸುಖವೇ ಮೋಸದ ಮೂಲ. ಕೈಗೆ ಹಗುರವೆನಿಸಿದ ಬಿಲ್ಲು ಬಾಣಕ್ಕೆ ಹಗುರವಲ್ಲ.

ನಮ್ಮಲ್ಲಿ ಓದಿ ಈಗ ಹತ್ತನೆಯ ತರಗತಿಯಲ್ಲಿರುವ ಹುಡುಗನೊಬ್ಬನಿಗೆ ಇದರ ಹುಚ್ಚು. ತಂದೆ ಗದಗಿನ ಕಡೆಯವರು; ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ದುಡಿಯುವವರು. ಕೂಡಿಟ್ಟ ಹಣದಲ್ಲಿ ಹಳೆಯ ಬೇಟೆಯ ಬಿಲ್ಲೊಂದನ್ನು ಮಗನಿಗೆ ಕೊಡಿಸಿದರು. ಮಾರಿದವನು ಆರು ಬಾಣಗಳನ್ನು ಪುಕ್ಕಟೆಯಾಗಿ ಸೇರಿಸಿದ್ದನು. ಆ ಪುಕ್ಕಟೆಯಲ್ಲಿಯೇ ಅಪಾಯವಿತ್ತು.

ಕೋಲಿನ ಮೇಲೆ 1000 ಎಂದು ಅಚ್ಚಾಗಿತ್ತು. ಅದು ಬೆಲೆಯಲ್ಲ, ಬಾಗುವಿಕೆಯ ಅಳತೆ. ಬಲ್ಲವರು ಸ್ಪೈನ್ ಎನ್ನುವರು. 28 ಅಂಗುಲದ ಅಂತರದಲ್ಲಿ ಎರಡು ಆಧಾರಗಳ ಮೇಲೆ ಕೋಲನ್ನಿಟ್ಟು, ನಡುವೆ 880 ಗ್ರಾಂ ತೂಕವನ್ನು ತೂಗುಬಿಟ್ಟಾಗ ಅದು ಎಷ್ಟು ಅಂಗುಲ ಬಾಗುವುದೋ ಅದರ ಸಾವಿರಪಟ್ಟು ಈ ಅಂಕೆ. 1000 ಎಂದರೆ ಒಂದು ಅಂಗುಲ, 500 ಎಂದರೆ ಅರ್ಧ ಅಂಗುಲ. ಅಂಕೆ ಹಿರಿದಾದಷ್ಟೂ ಕೋಲು ಬಳುಕು. ಕೋಲು ಉದ್ದವಾದರೂ, ಮೊನೆ ಭಾರವಾದರೂ ಬಳುಕು ಹೆಚ್ಚುತ್ತದೆ. ಹುಡುಗನ ಬಿಲ್ಲು 45 ಪೌಂಡಿನದು, ಬೇಕಾದ ಬಾಣ 28 ಅಂಗುಲದ್ದು. ತಯಾರಕರ ಕೋಷ್ಟಕವು 500ರ ಆಸುಪಾಸನ್ನು ತೋರಿಸಿತು.

ತೂಕವನ್ನು ನೋಡಲು ಪೇಟೆಯ ಅಕ್ಕಸಾಲಿಗರೊಬ್ಬರ ತಕ್ಕಡಿಯನ್ನೇ ಆಶ್ರಯಿಸಿದೆವು. ಚಿನ್ನ ತೂಗುವ ತಟ್ಟೆಯಲ್ಲಿ ಬಾಣವನ್ನಿಟ್ಟುದಕ್ಕೆ ಅವರು ನಕ್ಕರು. ಬಂದದ್ದು 12 ಗ್ರಾಂ. ಸೆಳೆತದ ಪ್ರತಿಯೊಂದು ಪೌಂಡಿಗೆ ಕನಿಷ್ಠ 5 ಗ್ರೇನ್ ತೂಕ ಬೇಕೆಂಬುದು ಅನೇಕ ತಯಾರಕರ ನಿಯಮ. 45 ಪೌಂಡಿಗೆ 225 ಗ್ರೇನ್, ಅಂದರೆ ಸುಮಾರು 14.6 ಗ್ರಾಂ. ಅದಕ್ಕಿಂತ ಹಗುರವಾದರೆ ಬಾಣ ಕೊಂಡೊಯ್ಯಬೇಕಾದ ಶಕ್ತಿಯು ಬಿಲ್ಲಿನಲ್ಲಿಯೇ ಉಳಿದು ಅದನ್ನೇ ಒಡೆಯುತ್ತದೆ. ಖಾಲಿ ಒರಳಿಗೆ ಒನಕೆ ಹೊಡೆದಂತೆ. ಬಳುಕು ಮಿತಿಮೀರಿದ ಕಾರ್ಬನ್ ಕೋಲು ಹೆದೆ ಬಿಟ್ಟೊಡನೆ ಸಿಡಿದರೆ ಅದರ ಸಿಬಿರು ಬಿಲ್ಲು ಹಿಡಿದ ಕೈಗೆ ನೆಡುತ್ತದೆ.

"ಮಾಸ್ತರ್ರ, ಬಾಣ ಅಂದ್ರ ಬಾಣರೀ, ಅದರಾಗೇನ್ ನೋಡೂದೈತಿ? ಇವು ಸವಿಯೂತನ ಹೊಡೀಲಿ ಬಿಡ್ರಿ" ಎಂದರು ತಂದೆ. ಅವರನ್ನು ಜಿಪುಣರೆನ್ನಲಾಗದು. ಹೊಸ ಬಾಣಗಳೆಂದರೆ ಅವರಿಗೆ ಹಲವು ದಿನಗಳ ಕೂಲಿ. ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆವು. ಕೊನೆಗೆ ಮಗನ ಎಡಗೈಯನ್ನು ಮುಟ್ಟಿ ತೋರಿಸಿದೆವು. ಅವರು ಮಾತಾಡಲಿಲ್ಲ. ಮುಂದಿನ ಸಂಬಳಕ್ಕೆ ಆರು ಹೊಸ ಬಾಣಗಳು ಬಂದುವು: ತಲಾ 22 ಗ್ರಾಂ.

ಬಿಲ್ಲಿನೊಂದಿಗೆ ಅಲಗುಳ್ಳ ಬೇಟೆಯ ಮೊನೆಗಳೂ ಬಂದಿದ್ದುವು. ಗದ್ದೆಗೆ ನುಗ್ಗುವ ಹಂದಿಗೆ ಆದೀತೆಂದು ಬಂಧುವೊಬ್ಬರ ಸಲಹೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮಲ್ಲಿ ಬೇಟೆಯನ್ನು ನಿಷೇಧಿಸಿದೆಯೆಂದು ತಿಳಿಸಿ ಅವನ್ನು ಕಳಚಿಸಿ, ಗುರಿಹಲಗೆಯ ಸಾದಾ ಮೊನೆಗಳನ್ನು ಹಾಕಿಸಿದೆವು. ಬೇಟೆಗೆ ಅನುಮತಿಯಿರುವ ದೇಶಗಳಲ್ಲಿಯೂ ಅಲಗಿನ ಮೊನೆ ಸುಲಭದ್ದಲ್ಲ. ಅಲಗು ಮುಂದೆ ರೆಕ್ಕೆಯಂತೆ ಗಾಳಿಯನ್ನು ಹಿಡಿಯುವುದರಿಂದ ಹಿಂದಿನ ಗರಿಗಳು ದೊಡ್ಡವಾಗಿರಬೇಕು, ಮುಂಭಾರವೂ ಹೆಚ್ಚಿರಬೇಕು.

ಈ ಮುಂಭಾರದ ಲೆಕ್ಕ ಏಳನೆಯ ತರಗತಿಗೆ ಚೆನ್ನಾಗಿ ಒಪ್ಪುತ್ತದೆ. ಬೆರಳಿನ ಮೇಲೆ ಬಾಣವನ್ನು ಸಮತೂಕಕ್ಕೆ ನಿಲ್ಲಿಸಿ, ಹೆದೆ ಕಚ್ಚುವ ತುದಿಯಿಂದ ಆ ಬಿಂದುವಿಗೆ ಅಳೆಯಿರಿ. 28 ಅಂಗುಲದ ಬಾಣದಲ್ಲಿ ಅದು 17.5 ಅಂಗುಲವಾದರೆ ನಡುವಿನಿಂದ 3.5 ಅಂಗುಲ ಮುಂದೆ; ಶೇಕಡಾ 12.5. ಉಪಾಧ್ಯಾಯ ಮಿತ್ರರು ಶೇಕಡಾವಾರು ಪಾಠಕ್ಕೆ ಬಡ್ಡಿ ಲೆಕ್ಕವನ್ನೇ ಏಕೆ ಹಿಡಿದಿರಬೇಕು?

2023ರಲ್ಲಿ ಬರ್ಲಿನ್ನಿನಲ್ಲಿ ಹದಿನೇಳರ ಹರೆಯದಲ್ಲಿ ಇದೇ ಬಗೆಯ ಬಿಲ್ಲಿನಿಂದ ವಿಶ್ವವಿಜೇತಳಾದ ಸಾತಾರೆಯ ಅದಿತಿ ಸ್ವಾಮಿಯ ತಂದೆಯೂ ಶಾಲಾ ಉಪಾಧ್ಯಾಯರೆಂದು ಹುಡುಗನೇ ನಮಗೆ ಹೇಳಿದನು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿರುವುದನ್ನೂ ಅವನೇ ತಿಳಿಸಿದನು.

ಪ್ರತಿ ಸಲವೂ ಹೊಡೆಯುವ ಮುನ್ನ ಕೋಲನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಬಾಗಿಸಿ, ಚಿಟಚಿಟ ಸದ್ದಿದೆಯೇ ಎಂದು ಆಲಿಸುವ ರೂಢಿ ಅವನಿಗಾಗಿದೆ. ಹೋದ ವಾರ ಒಂದರಲ್ಲಿ ಸದ್ದು ಕೇಳಿತು. ಅದನ್ನು ಬಟ್ಟೆಯಲ್ಲಿ ಸುತ್ತಿ, ಕಾಲಿನಡಿ ಹಾಕಿ, ತಾನೇ ಎರಡು ತುಂಡು ಮಾಡಿದನಂತೆ. ಈಗ ಐದು ಉಳಿದಿವೆ.