ಹೂವಿನ ಹೊಲದ ಬದುವಿನಲ್ಲಿ

ಮುಂಗಾರಿನ ಒಂದು ಮುಂಜಾನೆ ಚಾಮರಾಜನಗರದಿಂದ ಹೊರಟು ಗುಂಡ್ಲುಪೇಟೆಯನ್ನು ದಾಟಿದೆ. ಕೇರಳದತ್ತ ಸಾಗುವ 766ನೆಯ ರಾಷ್ಟ್ರೀಯ ಹೆದ್ದಾರಿಯ ಇಕ್ಕೆಲಗಳಲ್ಲೂ ಸೂರ್ಯಕಾಂತಿ ಹೊನ್ನಿನ ಹಾಸಿನಂತೆ ಅರಳಿ ನಿಂತಿತ್ತು. ವಯನಾಡಿನ ಕಡೆಯಿಂದ ಬಂದ ಪ್ರವಾಸಿಗರು ವಾಹನ ನಿಲ್ಲಿಸಿ, ಆಗತಾನೆ ಬಾಗಿಲು ತೆರೆದ ವಿಹಾರೋದ್ಯಾನವನ್ನು ಹೊಕ್ಕವರಂತೆ ಸಂಭ್ರಮಿಸುತ್ತಿದ್ದರು. ಮಕ್ಕಳು ಕುಣಿದರು, ತರುಣರು ಚಿತ್ರ ತೆಗೆದರು, ವೃದ್ಧೆಯೊಬ್ಬರು ಸುಮ್ಮನೆ ಕೈಮುಗಿದರು. ನಾನೂ ಮೈಮರೆತು ಹೂವೊಂದನ್ನು ಕಿತ್ತೆ.

ಬದುವಿನ ಮೇಲಿದ್ದ ಮುದುಕ ರೈತ ಮೆಲ್ಲನೆ ಹೇಳಿದ: “ನೋಡಿ ಸಂತೋಷಪಡಿ ಸ್ವಾಮಿ. ಆದರೆ ನಿಮಗೆ ಅದು ಒಂದು ಹೂವು. ನಮಗೆ ಒಂದು ಹಿಡಿ ಎಣ್ಣೆಕಾಳು.”

ನಾನು ತಲೆತಗ್ಗಿಸಿದೆ. ಸೂರ್ಯಕಾಂತಿ ಒಂದೇ ಹೂವಲ್ಲ, ನೂರಾರು ಕಿರುಹೂಗಳ ಗೊಂಚಲು. ನಡುವಿನ ಒಂದೊಂದು ಕಿರುಹೂವೂ ಕಾಳಾಗಬಲ್ಲದು ಎಂದು ಓದಿ ತಿಳಿದಿದ್ದೆ. ಆದರೂ ಬಣ್ಣವನ್ನು ಕಂಡ ನನ್ನ ಕಣ್ಣು ಬಿತ್ತಿದವನ ಬೆವರನ್ನು ಕಂಡಿರಲಿಲ್ಲ.