ಎರಡನೆಯ ಮಹಡಿಯ ಚೌಕಿ

‘ಅನಿಮೆ’ ಎಂಬ ಶಬ್ದ ನನ್ನ ಓರಗೆಯವರಲ್ಲಿ ಹಲವರಿಗೆ ಅಪರಿಚಿತ. ಇಂಗ್ಲಿಷಿನ ‘ಅನಿಮೇಷನ್’ ಶಬ್ದವನ್ನು ಜಪಾನೀಯರು ಮೊಟಕುಗೊಳಿಸಿ ತಮ್ಮದಾಗಿಸಿಕೊಂಡಿದ್ದಾರೆ, ನಾವು ‘ಆಸ್ಪತ್ರೆ’ಯನ್ನು ಮಾಡಿಕೊಂಡ ಹಾಗೆ. ಆದರೆ 1990ರ ದಶಕದಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದ ನೀವು ಅದನ್ನು ನೋಡಿಯೇ ಇದ್ದೀರಿ. ಭಾನುವಾರ ದೂರದರ್ಶನದಲ್ಲಿ ಹಿಂದಿ ಮಾತನಾಡುತ್ತಿದ್ದ ಮೋಗ್ಲಿಯ ‘ಜಂಗಲ್ ಬುಕ್’ 1989ರಲ್ಲಿ ಜಪಾನಿನಲ್ಲಿ ಪ್ರಸಾರವಾಗತೊಡಗಿದ ಅನಿಮೆ. ಗುಲ್ಜಾರರ ಹಾಡು ಮಾತ್ರ ನಮ್ಮಲ್ಲಿ ಸೇರಿಸಿದ್ದು. ಸೋಮವಾರದ ಪ್ರಾರ್ಥನೆಯ ಸಾಲಿನಲ್ಲಿ ಆ ಹಾಡು ಗುನುಗುತ್ತಿದ್ದವರ ಹೆಸರುಗಳು ನನಗಿನ್ನೂ ನೆನಪಿವೆ, ಹೇಳುವುದಿಲ್ಲ.

ಇದರ ಅಭಿಮಾನಿಗಳು ಬೆಂಗಳೂರಿನಲ್ಲಿ ಸೇರುವ ಒಂದು ಸಣ್ಣ ಸಮಾವೇಶಕ್ಕೆ ಕಳೆದ ತಿಂಗಳು ಹೋಗಿಬಂದೆ. ಪ್ರಥಮ ಪಿಯುಸಿ ಓದುವ ಮೊಮ್ಮಗಳಿಗೆ ಅವಳಪ್ಪ ‘ಅಜ್ಜ ಜತೆಗೆ ಬಂದರೆ ಮಾತ್ರ’ ಎಂಬ ಷರತ್ತು ಹಾಕಿದ್ದನು. ಇಲ್ಲಿಗೆ ಬರುವವರಲ್ಲಿ ಅನೇಕರು ತಮ್ಮ ಮೆಚ್ಚಿನ ಪಾತ್ರದ ವೇಷ ಧರಿಸುತ್ತಾರೆ. ಅದಕ್ಕೆ ಕಾಸ್‌ಪ್ಲೇ ಎಂದು ಹೆಸರು.

ಮೊಮ್ಮಗಳು ಆರಿಸಿಕೊಂಡದ್ದು ‘ಡೀಮನ್ ಸ್ಲೇಯರ್’ ಕಥೆಯ ನೆಜುಕೊ. ರಕ್ಕಸಿಯಾಗಿ ಮಾರ್ಪಟ್ಟ ಹುಡುಗಿ. ಯಾರನ್ನೂ ಕಚ್ಚದಿರಲೆಂದು ಅವಳ ಬಾಯಿಗೆ ಅಡ್ಡಲಾಗಿ ಬಿದಿರಿನ ತುಂಡು. ಅವಳನ್ನು ಮತ್ತೆ ಮನುಷ್ಯಳನ್ನಾಗಿ ಮಾಡುವ ದಾರಿ ಹುಡುಕುತ್ತ ಅಣ್ಣ ಬೆನ್ನ ಮೇಲಿನ ಪೆಟ್ಟಿಗೆಯಲ್ಲಿ ಹೊತ್ತು ತಿರುಗುತ್ತಾನೆ. ಹಿಡಿಂಬೆಯ ಕಥೆಯನ್ನು ವರ್ಷವರ್ಷವೂ ಹೇಳಿದವನಿಗೆ ಇದೇನೂ ವಿಚಿತ್ರವೆನಿಸಲಿಲ್ಲ. ಅಜ್ಜಿಯ ಹಳೆಯ ಗುಲಾಬಿ ನೂಲಿನ ಸೀರೆ ಕಿಮೊನೊ ಆಯಿತು. ಅದರ ಮೇಲೆ ಸ್ಕೇಲು ಹಿಡಿದು ನಕ್ಷತ್ರದಂಥ ಗೆರೆಗಳನ್ನು ಬರೆಯಲು ಅವಳಿಗೆ ಹನ್ನೊಂದು ರಾತ್ರಿ ಹಿಡಿಯಿತು. ಸೆಣಬಿನ ಎಲೆಯನ್ನು ಹೋಲುವ ಆ ವಿನ್ಯಾಸಕ್ಕೆ ‘ಅಸನೊಹ’ ಎನ್ನುತ್ತಾರೆ. ಸೆಣಬು ನೆಟ್ಟಗೆ, ಬೇಗನೆ ಬೆಳೆಯುವ ಗಿಡವಾದುದರಿಂದ ಮಕ್ಕಳೂ ಹಾಗೆಯೇ ಬೆಳೆಯಲೆಂದು ಜಪಾನಿನಲ್ಲಿ ಅವರ ಬಟ್ಟೆಗೆ ಅದನ್ನು ಹಾಕುತ್ತಿದ್ದರಂತೆ. ಇದನ್ನು ನನಗೆ ತಿಳಿಸಿದವಳೂ ಅವಳೇ. ಯಾವ ಮೇಷ್ಟರೂ ಕೊಟ್ಟ ಮನೆಪಾಠವಲ್ಲ.

ಕಟ್ಟಡದ ಎರಡನೆಯ ಮಹಡಿ, ನಮ್ಮ ಶಾಲೆಯ ಎರಡು ಕೊಠಡಿಗಳಷ್ಟು ದೊಡ್ಡ ಸಭಾಂಗಣ. ಟಿಕೇಟು ಮಾರಿದವರು ಜನರನ್ನು ಎಣಿಸಿದಂತೆ ಕಾಣಲಿಲ್ಲ. ಸಾಲು ಮೆಟ್ಟಿಲಿಳಿದು ಬೀದಿಯವರೆಗೆ ಬಂದಿತ್ತು. ಒಳಗೆ ಒಬ್ಬರ ಕತ್ತಿ ಮತ್ತೊಬ್ಬರ ಜಡೆಗೆ, ಒಬ್ಬರ ರೆಕ್ಕೆ ಇನ್ನೊಬ್ಬರ ಮೂಗಿಗೆ. ಕಿಟಕಿಗಳು ಎರಡೇ. ಗೋಡೆಯ ಪಕ್ಕ ನೆಲದ ಮೇಲೆ ಸಾಲಾಗಿ ಕುಳಿತ ಹುಡುಗ ಹುಡುಗಿಯರು ಮೊಬೈಲನ್ನೇ ಕನ್ನಡಿ ಮಾಡಿಕೊಂಡು ಮುಖಕ್ಕೆ ಬಣ್ಣ ಬಳಿಯುತ್ತಿದ್ದರು. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ: ಅದು ಸಾಕ್ಷಾತ್ ಯಕ್ಷಗಾನದ ಚೌಕಿ. ನಮ್ಮ ಕಿರೀಟ ಹಗುರ ಮರದ್ದು, ಇವರದು ಫೋಮ್ ಹಾಳೆಯದು, ಅಷ್ಟೇ ವ್ಯತ್ಯಾಸ.

ಒಂದು ಮೇಜಿನ ಮೇಲೆ ಹುಡುಗನೊಬ್ಬ ತಾನೇ ಬರೆದ ಎಂಟು ಪುಟಗಳ ಚಿತ್ರಕಥೆಯನ್ನು ಮಾರುತ್ತಿದ್ದನು. ಪಾತ್ರಗಳು ಕನ್ನಡದಲ್ಲಿ ಮಾತನಾಡುತ್ತಿದ್ದವು. ಕಾಗುಣಿತದ ತಪ್ಪುಗಳು ಎರಡೇ ಇದ್ದವು. ತೋರಿಸಿದಾಗ ಅವನು ಪೆನ್ನು ತೆಗೆದು ಉಳಿದ ಪ್ರತಿಗಳನ್ನೆಲ್ಲ ಅಲ್ಲಿಯೇ ತಿದ್ದಿದನು. ಇಂಥ ಸ್ವಂತ ಪುಸ್ತಕಗಳ ಸಂತೆಯಾದ ಟೋಕಿಯೊದ ‘ಕಾಮಿಕೆಟ್’ 1975ರ ಡಿಸೆಂಬರಿನಲ್ಲಿ ಆರಂಭವಾದಾಗ ಇದ್ದದ್ದು 32 ತಂಡಗಳು, ಸುಮಾರು 700 ಜನ. ಈಗ ಅಲ್ಲಿ ಲಕ್ಷಗಟ್ಟಲೆ ಜನ ಸೇರುತ್ತಾರೆ.

ಸೆಕೆ ತಾಳಲಾರದೆ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದಾಗ “ಸರ್, ನೀವು ಇಲ್ಲಿ!” ಎಂಬ ದನಿ ಕೇಳಿತು. ನನ್ನ ಹಳೆಯ ವಿದ್ಯಾರ್ಥಿ. ತಲೆ ನನ್ನದಕ್ಕಿಂತ ಬೋಳಾಗಿದೆ. ಅವನ ಮಗಳು ಒಂಬತ್ತನೆಯ ತರಗತಿಯವಳು, ತಲೆಯ ಮೇಲೆ ಎರಡು ಕೋಡು.

“ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಸರ್. ಇದೇ ಕೊನೆ ಅಂತ ಹೇಳಿಬಿಟ್ಟಿದ್ದೇನೆ. ಇದರಿಂದ ಏನು ಪ್ರಯೋಜನ, ನೀವೇ ಹೇಳಿ.”

“ಮೇಳ ಬಂದಾಗ ರಾತ್ರಿಯೆಲ್ಲ ಚೌಕಿಯಲ್ಲಿ ಕುಳಿತು, ಮರುದಿನ ಗಣಿತದ ತರಗತಿಯಲ್ಲಿ ಗೊರಕೆ ಹೊಡೆದೆಯಲ್ಲ, ಅದರಿಂದ ಏನು ಪ್ರಯೋಜನವಾಯಿತೋ?”

ನಕ್ಕನು, ಆದರೆ ಸೋಲಲಿಲ್ಲ. “ಆಗ ಇಷ್ಟು ಪೈಪೋಟಿ ಇರಲಿಲ್ಲ ಸರ್.”

ಅದು ಸುಳ್ಳಲ್ಲ. ಮಗನ ಮನೆಯಲ್ಲಿಯೂ ನಿತ್ಯ ಅದೇ ಮಾತು. ನಾನು ಸುಮ್ಮನಾದೆ.

ಅಷ್ಟರಲ್ಲಿ ಅವನ ಮಗಳು ಅಳುತ್ತಿದ್ದ ಅಪರಿಚಿತ ಹುಡುಗಿಯೊಬ್ಬಳನ್ನು ಕೈಹಿಡಿದು ಕರೆತಂದಳು. ನೂಕುನುಗ್ಗಲಿನಲ್ಲಿ ಆ ಹುಡುಗಿಯ ರೆಕ್ಕೆ ಬುಡದಲ್ಲಿಯೇ ಮುರಿದಿತ್ತು. ವೇದಿಕೆಗೆ ಹೋಗಲು ಹತ್ತು ನಿಮಿಷವಿತ್ತು. “ಅಪ್ಪಾ, ಇದನ್ನು ಹಿಡಿದುಕೋ, ಅಲ್ಲಾಡಿಸಬೇಡ” ಎಂದಳು. ಚೀಲದಿಂದ ಫೆವಿಕ್ವಿಕ್, ಸೂಜಿ, ದಾರ ಎಲ್ಲವೂ ಹೊರಬಂದವು. ಅಪ್ಪ ಮೊಣಕಾಲೂರಿ ರೆಕ್ಕೆ ಹಿಡಿದನು. ಅವಳು ಬಟ್ಟೆಯ ತುಂಡೊಂದನ್ನು ಒಳಗಿನಿಂದ ಆಧಾರವಾಗಿ ಅಂಟಿಸಿ, ಮೇಲೆ ಹೊಲಿಗೆ ಹಾಕಿದಳು. ಆ ಹುಡುಗಿ ಓಡಿದಳು.

“ಇದನ್ನೆಲ್ಲ ಯಾವಾಗ ಕಲಿತೆ?” ಎಂದು ಕೇಳಿದನು. ಸ್ವಲ್ಪ ತಡೆದು, “ನಿನ್ನದು ಯಾವ ಪಾತ್ರ?” ಎಂದನು.

ಅವಳು ಮೊದಲಿನಿಂದ ಹೇಳತೊಡಗಿದಳು. ಬಾಯಿಯಲ್ಲಿ ಬಿದಿರಿದ್ದುದರಿಂದ ಮಾತಾಡಲಾಗದ ನನ್ನ ಮೊಮ್ಮಗಳು ಬಾಗಿಲಲ್ಲಿ ನಿಂತು ಕೈಬೀಸಿ ಕರೆದಾಗ ನಾನೆದ್ದೆ. ಆಗಲೂ ಕಥೆ ಮುಗಿದಿರಲಿಲ್ಲ; ಅವನು ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದನು.

ಮುಂದಿನ ವರ್ಷದ ವಿಷಯ ಏನು ತೀರ್ಮಾನವಾಯಿತೆಂದು ವಿಚಾರಿಸಿಲ್ಲ. ಅವನು ಇದನ್ನು ಓದುತ್ತಾನೆ, ತಿಳಿಸಿದರೆ ಸಂತೋಷ.